ಎಂಟನೆಯ ಮೂಲೆ

ಮಾರ್ಚ್ 4

ಮಗಳೇ,

ಅಕ್ಕನ ಮನೆಗೆ ಒಂದು ವಾರಕ್ಕೆಂದು ಬಂದವನು ಇಲ್ಲೇ ಬೇರು ಬಿಟ್ಟೆ ಎಂದು ನಿನ್ನ ಗಂಡ ಗೊಣಗುತ್ತಿರಬೇಕು. ಗೊಣಗಲಿ, ಚಿಕ್ಕಂದಿನಿಂದಲೂ ಅವನಿಗೆ ಅದೇ ಅಭ್ಯಾಸ. ಅಕ್ಕನ ಮೊಣಕಾಲು ಇನ್ನೂ ಸರಿಹೋಗಿಲ್ಲ. ಮೆಟ್ಟಿಲು ಹತ್ತಿ ಇಳಿಯುವಾಗ ಅವಳಿಗೆ ಹಿಡಿದುಕೊಳ್ಳಲು ಒಂದು ಕೈ ಬೇಕು, ಬೈಯಲು ಒಬ್ಬ ಮನುಷ್ಯ ಬೇಕು. ಎರಡಕ್ಕೂ ನಾನಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಲ್ಲುಗಣಿಯಲ್ಲಿ ಮದ್ದು ಸಿಡಿಸಿ ಸಿಡಿಸಿ ಕೆಟ್ಟ ಈ ಕಿವಿಗೆ ಫೋನಿನ ಮಾತೆಲ್ಲ ದೂರದಲ್ಲಿ ಯಾರೋ ಬಟ್ಟೆ ಒಗೆದ ಹಾಗೆ ಕೇಳುತ್ತದೆ. ಕಾಗದವೇ ವಾಸಿ.

ವಿಷಯ ಇಷ್ಟೇ. ನನ್ನ ಕೋಣೆಯನ್ನು ನೀವಿಬ್ಬರೂ ಬಳಸಿಕೊಳ್ಳಿ. ಹೊಸದಾಗಿ ಸಂಸಾರ ಹೂಡಿದವರಿಗೆ ಜಾಗ ಬೇಕು, ಮುದುಕನ ಕಲ್ಲುಗಳಿಗೆ ಏನು ಅವಸರ. ಕಪಾಟಿನಲ್ಲಿರುವ ಹರಳುಕಲ್ಲುಗಳನ್ನೆಲ್ಲ ಕಾಲೇಜಿಗೆ ಕೊಡುತ್ತೇನೆಂದು ಅಲ್ಲಿನ ಭೂವಿಜ್ಞಾನದ ಮೇಷ್ಟರಿಗೆ ಬರೆದಿದ್ದೇನೆ. ಅವರು ಗಾಡಿ ತರುತ್ತಾರೆ. ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ, ಅದರ ಚೀಟಿಯನ್ನು ಅದರ ಜೊತೆಗೇ ಇಡು. ಚೀಟಿ ತಪ್ಪಿಸಿಕೊಂಡ ಹರಳು ಬರೀ ಕಲ್ಲು. ಎಲ್ಲಿ ಸಿಕ್ಕಿತು, ಯಾರು ಎತ್ತಿದರು, ಎಲ್ಲಿ ಮುಕ್ಕಾಗಿದೆ, ಎಲ್ಲಿ ಅಂಟು ಹಾಕಿದೆ, ಎಲ್ಲವನ್ನೂ ಬರೆದಿದ್ದೇನೆ. ಮುಕ್ಕನ್ನು ಮುಚ್ಚಿಟ್ಟು ಕಲ್ಲು ದಾಟಿಸುವವನನ್ನು ನಮ್ಮಂಥವರು ಹತ್ತಿರ ಸೇರಿಸುವುದಿಲ್ಲ.

ಒಂದನ್ನು ಮಾತ್ರ ನನಗೆ ಕಳಿಸು. ಮೇಜಿನ ಮೇಲಿನ ಖಾನೆಯಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆ ಇದೆ, ಅದರೊಳಗೆ ಇದೆ. ತಿಳಿ ಬಿಳುಪು, ಎಲ್ಲ ಕಡೆಯೂ ಚೌಕ, ಮಗುವಿನ ಮುಷ್ಟಿಯಷ್ಟು. ಅದಕ್ಕೆ ಚೀಟಿ ಇಲ್ಲ. ಅದು ನನ್ನ ಸಂಗ್ರಹದ್ದಲ್ಲ, ನಿನ್ನ ಅತ್ತೆಯದು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕನ್ನಡಕದ ಅಂಗಡಿಯವರು ಬೇರೆಯವರ ಕಣ್ಣು ನೋಡಿ ನೋಡಿ ತಮ್ಮ ಹೊಟ್ಟೆ ಮರೆಯುತ್ತಾರೆ.

ಆಶೀರ್ವಾದಗಳೊಂದಿಗೆ,
ಮಾವ


ಮಾರ್ಚ್ 19

ಮಾವನಿಗೆ ನಮಸ್ಕಾರ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅತ್ತೆಯ ಕಲ್ಲನ್ನು ನಾನು ಹಾಳು ಮಾಡಿಬಿಟ್ಟೆ.

ಖಾನೆ ತೆಗೆದು ನೋಡಿದರೆ ಅದರ ಮೇಲೆ ಮಂಕು ಕವಿದಿತ್ತು, ಮೂಲೆಗಳಲ್ಲಿ ದೂಳು ಕೂತಿತ್ತು. ಅತ್ತೆಯನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದವಳು. ಅವರ ವಸ್ತು ನನ್ನ ಕೈಯಿಂದ ನಿಮಗೆ ಹೋಗುವಾಗ ಲಕಲಕ ಹೊಳೆಯಬೇಕು ಎಂದು ಆಸೆಯಾಯಿತು. ಅಂಗಡಿಗೆ ತೆಗೆದುಕೊಂಡು ಹೋದೆ. ನಮ್ಮಲ್ಲಿ ಕನ್ನಡಕ ತೊಳೆಯುವ ಪುಟ್ಟ ತೊಟ್ಟಿ ಇದೆಯಲ್ಲ, ಸ್ವಿಚ್ ಹಾಕಿದರೆ ಬಿಸಿನೀರು ಸಣ್ಣಗೆ ನಡುಗಿ ಸಂದುಗೊಂದಿನ ಕೊಳೆಯನ್ನೆಲ್ಲ ಬಿಡಿಸುತ್ತದಲ್ಲ, ಅದರಲ್ಲಿ ಇಟ್ಟೆ. ನೇರಳೆ ಹರಳುಗಳನ್ನು ಸೋಪಿನ ನೀರಿನಲ್ಲಿ ತೊಳೆಯುವುದನ್ನು ನೀವೇ ನನಗೆ ತೋರಿಸಿಕೊಟ್ಟಿದ್ದಿರಿ. ಇದೂ ಹಾಗೇ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ಯಾವ ಗಾಜು ಹಾಕಿದರೂ "ಇದು ಬೇಡ, ಹಿಂದಿಂದೇ ಚೆನ್ನಾಗಿತ್ತು" ಅನ್ನುತ್ತಿದ್ದರು. ಅವರನ್ನು ಕಳಿಸಿ, ಅವರ ಹಿಂದೆ ಬಂದವರನ್ನೂ ಕಳಿಸಿ ತೊಟ್ಟಿಯ ಮುಚ್ಚಳ ತೆಗೆದರೆ ಮೊದಲು ಅದರಲ್ಲಿ ಏನೂ ಇಲ್ಲ ಅನ್ನಿಸಿತು. ಕೈ ಹಾಕಿ ತಡಕಿದೆ. ಚೀಪಿ ಬಿಟ್ಟ ಮಿಠಾಯಿಯ ಹಾಗೆ ನುಣ್ಣಗೆ, ನೆಲ್ಲಿಕಾಯಿಯಷ್ಟು ಉಳಿದಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡೆ. ಉಪ್ಪು.

ಉಪ್ಪಿನ ಹರಳು ಅಷ್ಟು ದೊಡ್ಡದಾಗಿ, ಅಷ್ಟು ಚೊಕ್ಕವಾಗಿ ನೆಲದೊಳಗೆ ಬೆಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಮಾವ. ನೀವು ಮನೆಯಿಂದ ಕೇಳಿದ್ದು ಒಂದೇ ವಸ್ತು. ಅದನ್ನೇ ನೀರಿಗೆ ಹಾಕಿದೆ. ಉಳಿದದ್ದನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕಳಿಸಲು ಧೈರ್ಯ ಬರುತ್ತಿಲ್ಲ. ಬೈಯಬೇಕಾದರೆ ಬೈದು ಬರೆಯಿರಿ, ಬರೆಯದೆ ಮಾತ್ರ ಇರಬೇಡಿ.

ನಿಮ್ಮ ಸೊಸೆ


ಏಪ್ರಿಲ್ 6

ಸೊಸೆಗೆ,

ನಾನು ನಿನ್ನ ದೊಡ್ಡತ್ತೆ ಬರೆಯುತ್ತಿರುವುದು. ನನ್ನ ಕೋಳಿಕಾಲಿನ ಅಕ್ಷರ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ.

ನಿನ್ನ ಕಾಗದ ಬಂದ ದಿನದಿಂದ ನಿನ್ನ ಮಾವ ಮಾತು ಕಡಿಮೆ ಮಾಡಿದ್ದಾನೆ. ಊಟ ಮಾಡುತ್ತಾನೆ, ನನ್ನನ್ನು ಮೆಟ್ಟಿಲು ಇಳಿಸುತ್ತಾನೆ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾನೆ. "ಹುಡುಗಿಗೆ ಒಂದು ಸಾಲು ಬರಿಯೋ, ಅಲ್ಲಿ ಜೀವ ಬಿಡ್ತಿರ್ತಾಳೆ" ಅಂದರೆ "ಬರೀತೀನಿ ಅಕ್ಕ" ಅನ್ನುತ್ತಾನೆ. ಬರೆಯುವುದಿಲ್ಲ. ಕೋಪ ಅಂದುಕೊಂಡೀಯ. ಅವನಿಗೆ ಕೋಪ ಬಂದರೆ ಬೀದಿಗೆಲ್ಲ ಕೇಳುತ್ತದೆ. ಇದು ಅದಲ್ಲ.

ಅವನು ನಿನಗೆ ಹೇಳುವ ಪೈಕಿಯಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಅವನು ನಿನ್ನ ಅತ್ತೆಯನ್ನು ಒಂದು ಹಳೇ ಉಪ್ಪಿನ ಗಣಿಗೆ ಕರೆದುಕೊಂಡು ಹೋದ. ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗುವ ಜಾಗವಾ ಅದು! ಇಡೀ ದಿನ ಸುತ್ತಿಗೆ ಹಿಡಿದು ಹುಡುಕಿ ಅವನು ಬರಿಗೈಯಲ್ಲಿ ಬಂದ. ಇವಳು ಗಣಿ ಬಾಯಲ್ಲಿ ಕಾಲು ಚಾಚಿ ಕೂತಿದ್ದವಳು, ಪಕ್ಕದಲ್ಲಿ ಬಿದ್ದಿದ್ದ ಮಣ್ಣುಹೆಂಟೆಯನ್ನು ಒಡೆದಳು. ಒಳಗೆ ಆ ಚೌಕ. ಅವನು ಜೀವಮಾನದಲ್ಲಿ ಅಷ್ಟು ಒಳ್ಳೆಯ ಉಪ್ಪಿನ ಹರಳು ಕಂಡಿರಲಿಲ್ಲ.

ಅಂದಿನಿಂದ ಅವಳದೊಂದು ಆಟ. ಇವನು ಹೊಸ ಕಲ್ಲು ತಂದು, ಬೆಳಕಿಗೆ ಹಿಡಿದು, ಎದೆಯುಬ್ಬಿಸಿ ತೋರಿಸುವುದು. ಅವಳು ಪೂರ್ತಿ ನೋಡುವುದು, ತಲೆ ಆಡಿಸುವುದು, ಆಮೇಲೆ ತನ್ನ ಉಪ್ಪಿನ ಹರಳನ್ನು ತೆಗೆದು ಒಂದು ಮೂಲೆಗೆ ನಾಲಿಗೆ ಮುಟ್ಟಿಸಿ "ರುಚಿ ಇದಕ್ಕೇ ಜಾಸ್ತಿ" ಅನ್ನುವುದು. ಪ್ರತಿ ಸಲವೂ ಅದೇ ಮೂಲೆ. ಅವರ ಮನೆಗೆ ಹೋದಾಗೆಲ್ಲ ನೋಡಿದ್ದೇನೆ, ಪ್ರತಿ ಸಲವೂ ಇಬ್ಬರೂ ಹೊಸದಾಗಿ ಕೇಳಿದವರ ಹಾಗೆ ನಗುವುದು. ಏಳು ಮೂಲೆ ಚೂಪಾಗಿಯೇ ಇದ್ದವು. ಆ ಎಂಟನೆಯದು ಸವೆದು ಗುಂಡಗಾಗಿತ್ತು. ಬೇರೆ ಕಲ್ಲಿನ ಮೂಲೆ ಮುಕ್ಕಾದರೆ ಮೂರು ದಿನ ಸಂಕಟಪಡುವ ಮನುಷ್ಯ, ಆ ಮುಕ್ಕನ್ನು ಮಾತ್ರ ಹೆಬ್ಬೆರಳಲ್ಲಿ ಸವರುತ್ತ ಕೂರುತ್ತಿದ್ದ. ಅವಳು ಹೋದ ಮೇಲೆ ಅವನು ಹೊಸ ಕಲ್ಲು ತಂದೇ ಇಲ್ಲ. ತಂದು ಯಾರಿಗೆ ತೋರಿಸುವುದು?

ನಾನು ಹೇಳಿದೆನೆಂದು ಅವನಿಗೆ ಬರೆಯಬೇಡ. ಇನ್ನೊಂದು ಮಾತು. ನಿಮ್ಮಿಬ್ಬರ ನಡುವೆ ತಾನು ಅಡ್ಡ ಎಂದು ಅವನ ತಲೆಯಲ್ಲಿ ಕೂತಿದೆ. ನನ್ನ ಮೊಣಕಾಲು ಹೋದ ತಿಂಗಳೇ ವಾಸಿಯಾಯಿತು. ಇಲ್ಲಿರಲು ಅವನಿಗೊಂದು ನೆಪ ಇರಲಿ ಎಂದು ಕುಂಟುತ್ತಿದ್ದೇನೆ.

ದೊಡ್ಡತ್ತೆ


ಏಪ್ರಿಲ್ 9

ಮಗಳೇ,

ತಡವಾಯಿತು. ಅಳಬೇಡ. ಚೀಟಿ ಬರೆಯದೆ ಬಿಟ್ಟವನು ನಾನು. "ಉಪ್ಪು" ಎಂದು ಎರಡಕ್ಷರ ಬರೆದಿದ್ದರೆ ನೀನು ನೀರಿಗೆ ಹಾಕುತ್ತಿರಲಿಲ್ಲ.

ಉಳಿದದ್ದನ್ನು ಎಸೆಯಬೇಡ. ಉಪ್ಪು ಬೇರೆ ಹರಳುಗಳ ಹಾಗಲ್ಲ, ಕರಗಿದಷ್ಟೇ ಸುಲಭವಾಗಿ ಮತ್ತೆ ಬೆಳೆಯುತ್ತದೆ. ಹೇಳಿದ ಹಾಗೆ ಮಾಡು. ಕಲ್ಲುಪ್ಪು ತಾ, ಪುಡಿ ಉಪ್ಪು ಬೇಡ. ನೀರು ಕುದಿಸಿ ಅದಕ್ಕೆ ಉಪ್ಪು ಹಾಕುತ್ತಾ ಹೋಗು, ಇನ್ನು ನನ್ನ ಕೈಲಾಗದು ಎಂದು ನೀರು ಉಪ್ಪನ್ನು ತಳದಲ್ಲಿ ಬಿಡುವವರೆಗೂ ಹಾಕು. ಬಟ್ಟೆಯಲ್ಲಿ ಸೋಸು. ಪೂರ್ತಿ ಆರಲಿ. ತಳದಲ್ಲಿ ಮತ್ತೆ ಉಪ್ಪು ಕೂತರೆ ಕೂರಲಿ, ಅದು ಒಳ್ಳೆಯ ಲಕ್ಷಣ. ಆಮೇಲೆ ಅಗಲ ಬಾಯಿಯ ಗಾಜಿನ ಭರಣಿಗೆ ಹೊಯ್ದು, ನಮ್ಮ ತುಂಡನ್ನು ಮೆಲ್ಲಗೆ ಅದರೊಳಗೆ ಇಡು. ಬಾಯಿಗೆ ತೆಳು ಬಟ್ಟೆ ಕಟ್ಟು. ಬಿಸಿಲು ಬೀಳದ, ಯಾರೂ ಅಲ್ಲಾಡಿಸದ ಜಾಗದಲ್ಲಿಡು. ದಿನಕ್ಕೊಮ್ಮೆ ಮಗ್ಗುಲು ಬದಲಿಸು, ಇಲ್ಲದಿದ್ದರೆ ಒಂದೇ ಕಡೆ ಬೆಳೆಯುತ್ತದೆ. ಅಂಚಿಗೆ ಅಂಟಿಕೊಳ್ಳುವ ಚಿಲ್ಲರೆ ಹರಳುಗಳನ್ನು ಬಿಡಿಸಿ ಹಾಕು.

ಆಕಾರದ ಚಿಂತೆ ನಿನಗೆ ಬೇಡ. ಉಪ್ಪಿಗೆ ತಾನು ಚೌಕ ಎಂಬುದು ಗೊತ್ತು.

ಹೀಗೆ ಬೆಳೆಸಿದ್ದಕ್ಕೆ ಕಲ್ಲು ಕೂಡಿಸುವವರ ನಡುವೆ ಕವಡೆ ಕಿಮ್ಮತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇದು ನೀನು ಸಮಾಧಾನವಾಗಿ ನಿದ್ದೆ ಮಾಡಲೆಂದು.

ಮಾವ


ಮೇ 11

ಮಾವನಿಗೆ ನಮಸ್ಕಾರ.

ಭರಣಿ ಈಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಯಾರೂ ತೆಗೆಯದ ದೊಡ್ಡ ಪಾತ್ರೆಗಳ ಪಕ್ಕದಲ್ಲಿ ಕೂತಿದೆ. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಅದನ್ನು ಮಗ್ಗುಲು ತಿರುಗಿಸುತ್ತೇನೆ. ನಿಮ್ಮ ಮಗ "ಮಗು ಎದ್ದಿತಾ?" ಎಂದು ಕೇಳುತ್ತಾರೆ.

ಅವರ ಸಾಹಸ ಕೇಳಿ. ಸೋಸಿ ಉಳಿದ ಉಪ್ಪುನೀರನ್ನು ಒಂದು ಬಾಟಲಿಗೆ ತುಂಬಿ ಇಟ್ಟಿದ್ದೆ. ನನಗೆ ಹೊತ್ತಾಯಿತೆಂದು ಪಾಪ ಅವರೇ ಅಡುಗೆಗೆ ಇಳಿದು, ಕುಡಿಯುವ ನೀರೆಂದುಕೊಂಡು ಅದರಲ್ಲೇ ಆಲೂಗಡ್ಡೆ ಬೇಯಿಸಿದರು. ನಾನು ಒಂದು ತುತ್ತು ಬಾಯಿಗಿಟ್ಟು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಸ್ವಲ್ಪ ಜಾಸ್ತಿ ಆಯ್ತೇನೋ" ಅಂದರು. ಆ ಹೊತ್ತು ಇಬ್ಬರೂ ಬ್ರೆಡ್ಡು ತಿಂದು ಮಲಗಿದೆವು.

ಅತ್ತೆಯ ಹರಳು ಬೆಳೆಯುತ್ತಿದೆ ಮಾವ. ನುಣ್ಣಗಿದ್ದ ಮೈಯಲ್ಲಿ ಅಲ್ಲಲ್ಲಿ ಚಪ್ಪಟೆ ಜಾಗ ಕಾಣಿಸಿಕೊಂಡಿದೆ. ಅಂಗಡಿಯ ಭೂತಗನ್ನಡಿಯಲ್ಲಿ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ, ಯಾರೋ ಸಣ್ಣ ಕೈಗಳಿಂದ ಕಟ್ಟುತ್ತಿರುವ ಹಾಗಿದೆ. ನೀವಿದ್ದಿದ್ದರೆ ಅದನ್ನೇ ನೋಡುತ್ತ ಕಾಫಿ ಆರಿಸಿಕೊಳ್ಳುತ್ತಿದ್ದಿರಿ.

ನಿಮ್ಮ ಕೋಣೆಯಲ್ಲಿ ನಾವು ಮಲಗುತ್ತಿಲ್ಲ. ದಿಂಬಿನ ಹೊದಿಕೆ ಮಾತ್ರ ಬದಲಿಸಿದ್ದೇನೆ.

ನಿಮ್ಮ ಸೊಸೆ


ಮೇ 27

ಮಗಳೇ,

ಆಲೂಗಡ್ಡೆಯ ಕತೆ ಓದಿ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ನಿನ್ನ ಅತ್ತೆ ಇದ್ದಿದ್ದರೆ "ಅಪ್ಪನ ಬುದ್ಧಿ" ಎಂದು ನನ್ನ ಮೇಲೇ ತಿರುಗಿಸುತ್ತಿದ್ದಳು.

ಚಪ್ಪಟೆ ಜಾಗ ಬಂದಿದೆ ಎಂದರೆ ಸರಿಯಾದ ದಾರಿಯಲ್ಲಿದ್ದೀಯ. ಇನ್ನು ಅಂಚು ಕೂಡುತ್ತದೆ, ಕೊನೆಗೆ ಮೂಲೆ. ನೀರು ಕಡಿಮೆಯಾಗಿ ಹರಳಿನ ತಲೆ ಹೊರಗೆ ಕಾಣುವ ಹಾಗಿದ್ದರೆ ಅದೇ ಬಗೆಯ ಉಪ್ಪುನೀರನ್ನೇ ಸೇರಿಸು. ಅಪ್ಪಿತಪ್ಪಿಯೂ ನಲ್ಲಿ ನೀರು ಬೇಡ.

ಮೇಷ್ಟರು ಬಂದಿದ್ದರೇ? ಅದರ ಸುದ್ದಿಯೇ ಬರೆದಿಲ್ಲ.

ಕೋಣೆ ಖಾಲಿ ಇಟ್ಟುಕೊಂಡು ಏನು ಮಾಡುತ್ತೀರಿ?

ಮಾವ


ಜುಲೈ 14

ಮಾವನಿಗೆ ನಮಸ್ಕಾರ.

ಒಂದು ತಿಂಗಳಿಂದ ಗಾಳಿಯಲ್ಲೆಲ್ಲ ತೇವ. ನೀರು ಆರುತ್ತಲೇ ಇಲ್ಲ, ಹರಳು ನಿಂತಲ್ಲೇ ನಿಂತಿತ್ತು. ನಿಮ್ಮ ಮಗ ಭರಣಿಯಿಂದ ಒಂದು ಮೊಳ ದೂರದಲ್ಲಿ ಬಲ್ಬು ನೇತುಹಾಕಿ ಕಪಾಟನ್ನು ಬೆಚ್ಚಗೆ ಮಾಡಿದ್ದಾರೆ. ನಾನು ಹೇಳಿದ್ದಲ್ಲ, ಅವರಿಗೇ ತೋಚಿದ್ದು. ರಾತ್ರಿ ಎದ್ದು ನೀರು ಕುಡಿಯುವ ನೆಪದಲ್ಲಿ ಅದನ್ನು ನೋಡಿ ಬರುತ್ತಾರೆ. ಕಲ್ಲು ಅಂದರೆ ಮೂಗು ಮುರಿಯುವ ನಿಮ್ಮ ಮಗ!

ಮೇಷ್ಟರು ಗಾಡಿ ತಂದಿದ್ದರು. ಒಳ್ಳೆಯವರು. ಕಪಾಟಿನ ಮುಂದೆ ನಿಂತು "ಅಬ್ಬಾ" ಅಂದರು. ಚೀಟಿಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ನಾನು "ಒಂದು ಕಲ್ಲು ಇನ್ನೂ ಬೆಳೀತಾ ಇದೆ ಸಾರ್, ಅದು ಮುಗಿದ ಮೇಲೆ ಎಲ್ಲಾ ಒಟ್ಟಿಗೆ ತಗೊಂಡು ಹೋಗಿ" ಅಂದೆ. ಭೂಮಿ ಕಲ್ಲು ಬೆಳೆಸಲು ತೆಗೆದುಕೊಳ್ಳುವ ಕಾಲವನ್ನು ಪಾಠ ಹೇಳುವವರಲ್ಲವೇ, ಒಂದು ಸಲ ನನ್ನನ್ನು ನೋಡಿ, ನಕ್ಕು, ಖಾಲಿ ಗಾಡಿಯಲ್ಲಿ ಹೋದರು.

ಕೋಪ ಮಾಡಿಕೊಳ್ಳಬೇಡಿ. ಆ ಕಪಾಟು ಖಾಲಿಯಾದರೆ ನೀವು ಬರಲು ಈ ಮನೆಯಲ್ಲಿ ಏನೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಎದುರು ರಸ್ತೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದವರು ನೀವು. ಮಳೆ ಇಲ್ಲದ ದಿನವೂ. ಈಗ ಒಬ್ಬಳೇ ಬರುತ್ತೇನೆ. ನಿಮ್ಮಿಂದ ನಮಗೆ ಯಾವ ಅಡ್ಡಿಯೂ ಇರಲಿಲ್ಲ ಮಾವ. ಇದನ್ನು ನಾನು ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತೋ ಏನೋ.

ನಿಮ್ಮ ಸೊಸೆ


ಆಗಸ್ಟ್ 2

ಮಗಳೇ,

ಬಲ್ಬನ್ನು ಇನ್ನೊಂದು ಗೇಣು ದೂರ ಸರಿಸಲು ಹೇಳು. ಬೇಗ ಬೆಳೆದರೆ ಒಳಗೆ ಮೋಡ ಕಟ್ಟುತ್ತದೆ.

ಅಕ್ಕ ಕುಂಟುತ್ತಿದ್ದಾಳೆ. ಕೆಲವು ದಿನ ಎಡಗಾಲು, ಕೆಲವು ದಿನ ಬಲಗಾಲು. ನಾನು ನೋಡಿಯೂ ನೋಡದ ಹಾಗಿದ್ದೇನೆ.

ಉಳಿದ ಮಾತಿಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ಮಾವ


ಅಕ್ಟೋಬರ್ 5

ಮಾವನಿಗೆ ನಮಸ್ಕಾರ.

ನಿನ್ನೆ ಹೊರಗೆ ತೆಗೆದೆ. ಈ ಸಲ ತೊಳೆಯಲಿಲ್ಲ, ಬರೀ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಎಷ್ಟಿತ್ತೋ ಅಷ್ಟಾಗಿದೆ. ನಡುವೆ ತಿಳಿಯಾಗಿ ಅತ್ತೆಯ ತುಂಡು, ಸುತ್ತ ಸ್ವಲ್ಪ ಮಂಜುಮಂಜಾಗಿ ನಮ್ಮ ಅಡುಗೆಮನೆಯದು. ಬೆಳಕಿಗೆ ಹಿಡಿದರೆ ಗಡಿ ಕಾಣುತ್ತದೆ. ಅಂಚುಗಳು ಗೆರೆ ಎಳೆದ ಹಾಗಿವೆ.

ಎಂಟು ಮೂಲೆಯೂ ಚೂಪಾಗಿದೆ.

ಇದನ್ನು ಬರೆಯುವಾಗ ನನಗೆ ಖುಷಿಯಾಗಬೇಕಿತ್ತು.

ನಿಮ್ಮ ಸೊಸೆ


ಅಕ್ಟೋಬರ್ 21

ಮಗಳೇ,

ಬಹಳ ಚೆನ್ನಾಗಿ ಮಾಡಿದ್ದೀಯ. ನಿನ್ನ ಕೈಯಲ್ಲಿ ತಾಳ್ಮೆ ಇದೆ. ನಾನೇ ಮಾಡಿದ್ದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ.

ಅಷ್ಟು ಒಳ್ಳೆಯ ಹರಳು ಇಲ್ಲಿ ನನ್ನ ಟ್ರಂಕಿನಲ್ಲಿ ಕೂತು ಏನು ಮಾಡುತ್ತದೆ? ಹುಡುಗರು ನೋಡಿ ಕಲಿಯಲಿ. ಅದನ್ನೂ ಉಳಿದವುಗಳ ಜೊತೆಗೆ ಕಾಲೇಜಿಗೆ ಕೊಟ್ಟುಬಿಡು. ಮೇಷ್ಟರಿಗೆ ಬರೆದಿದ್ದೇನೆ, ಮುಂದಿನ ತಿಂಗಳು ಬರುತ್ತಾರೆ.

ಮಾವ


ನವೆಂಬರ್ 8

ಮಾವನಿಗೆ ನಮಸ್ಕಾರ.

ಅದನ್ನು ಕಾಲೇಜಿಗೆ ಕೊಡಲು ಬರುವುದಿಲ್ಲ. ಒಂದು ಮೂಲೆ ಮುಕ್ಕಾಗಿದೆ.

ಹೇಗೆಂದು ಹೇಳುತ್ತೇನೆ. ನಿಮ್ಮ ಕಾಗದವನ್ನು ನಿಮ್ಮ ಮಗನೂ ಓದಿದರು. ಭಾನುವಾರ ಬೆಳಿಗ್ಗೆ ನಿಮ್ಮ ಸುತ್ತಿಗೆ ಎತ್ತಿಕೊಂಡು "ಅಪ್ಪನ ಕಲ್ಲುಗಣಿ ಕಡೆ ಹೋಗಿ ಬರ್ತೀನಿ" ಎಂದು ಹೋದವರು ಸಂಜೆ ಮೈಯೆಲ್ಲ ದೂಳು ಮಾಡಿಕೊಂಡು ಬಂದರು. ಕರವಸ್ತ್ರದಲ್ಲಿ ಸುತ್ತಿ ಒಂದು ಕಪ್ಪು ಕಲ್ಲು ತಂದಿದ್ದರು. ಅದರ ಪೊಟರೆಯೊಳಗೆ ಹಸಿರು ಛಾಯೆಯ ಹರಳುಗಳು. ನಾಲ್ಕೈದು ಸಣ್ಣವು, ಅದರಲ್ಲಿ ಒಂದು ಮುರಿದದ್ದು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ತೋರಿಸಿದರು. ಮುಖ ನೀವು ನೋಡಬೇಕಿತ್ತು. ಥೇಟ್ ನೀವೇ.

ನಾನು ಪೂರ್ತಿ ನೋಡಿದೆ. ತಲೆ ಆಡಿಸಿದೆ. ಆಮೇಲೆ ಏನು ತೋಚಿತೋ, ಖಾನೆಯಿಂದ ಪೆಟ್ಟಿಗೆ ತೆಗೆದು, ಒಂದು ಮೂಲೆಗೆ ನಾಲಿಗೆ ಮುಟ್ಟಿಸಿ "ರುಚಿ ಇದಕ್ಕೇ ಜಾಸ್ತಿ" ಅಂದೆ.

ದೊಡ್ಡತ್ತೆ ಎಲ್ಲ ಹೇಳಿದ್ದಾರೆ ಮಾವ. ಹೇಳಿದೆನೆಂದು ಬರೆಯಬೇಡ ಅಂದಿದ್ದರು, ಇವತ್ತು ಬರೆದೆ, ಬೈದುಕೊಳ್ಳಲಿ. ಎಂಟನೆಯ ಮೂಲೆ ಚೂಪಾಗುತ್ತ ಬಂದಷ್ಟೂ ನಾನು ನಿಮ್ಮದೇನನ್ನೋ ಅಳಿಸಿಹಾಕುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದರೆ ನಿಮ್ಮ ಕಾಗದವೂ ನಿಂತೀತು ಎಂದು ಹೆದರಿಕೆ.

ನಿಮ್ಮ ಮಗ ಕಲ್ಲನ್ನು ಮೇಜಿನ ಮೇಲಿಟ್ಟು ನಿಮ್ಮ ಮಂಚದ ಮೇಲೆ ಕೂತುಬಿಟ್ಟರು. ಆಮೇಲೆ "ಅಮ್ಮ ಅದನ್ನ ಇನ್ನೂ ಸ್ವಲ್ಪ ಎಳೆದು ಹೇಳ್ತಿದ್ಲು" ಅಂದರು. ನನ್ನ ಕೈಯಲ್ಲಿ ಮತ್ತೆ ಹೇಳಿಸಿದರು. ಮೂರನೇ ಸಲಕ್ಕೆ ಸರಿಯಾಯಿತಂತೆ.

ಅತ್ತೆಯ ಮೂಲೆ ನನ್ನಿಂದ ಬರುವುದಿಲ್ಲ, ಅದು ಹೋಯಿತು. ಇದು ಬೇರೆ. ಕಣ್ಣಿಗೆ ಇನ್ನೂ ಅಷ್ಟಾಗಿ ಕಾಣುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮುಕ್ಕನ್ನು ಮುಚ್ಚಿಡಬಾರದು ಎಂದು ನೀವೇ ಹೇಳಿದ್ದು, ಹಾಗಾಗಿ ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ:

"ಉಪ್ಪು. ಎತ್ತಿದವರು ಅತ್ತೆ. ಕರಗಿಸಿದವಳು ಸೊಸೆ. ಮತ್ತೆ ಬೆಳೆಸಿದವರು ಮಾವ, ದೂರದಿಂದ. ಒಂದು ಮೂಲೆ ಮುಕ್ಕು, ಇನ್ನೂ ಆಗುವುದಿದೆ."

ಆಗಬೇಕಾದರೆ ಯಾರಾದರೂ ಹೊಸ ಕಲ್ಲು ತರಬೇಕು. ನಿಮ್ಮ ಮಗನಿಗೆ ಹುಡುಕಲು ಅಷ್ಟಾಗಿ ಬರುವುದಿಲ್ಲ.

ನಿಮ್ಮ ಸೊಸೆ


ನವೆಂಬರ್ 15

ಮಗಳೇ,

ಪೊಟರೆಯಲ್ಲಿ ಹಸಿರು ಎಂದರೆ ಅವನು ಗಣಿಯ ಮೇಲಿನ ಹಂತದಲ್ಲಿ ಹುಡುಕಿದ್ದಾನೆ. ಒಳ್ಳೆಯದೆಲ್ಲ ಕೆಳಗಿದೆ. ನಾನು ತೋರಿಸುವವರೆಗೂ ಸುತ್ತಿಗೆ ಮುಟ್ಟಬಾರದೆಂದು ಹೇಳು. ಅವನು ತಂದದ್ದನ್ನು ನೀನು ತೊಳೆಯಲು ಹೋಗಬೇಡ.

ಮೇಷ್ಟರಿಗೆ ಕ್ಷಮಾಪಣೆ ಬರೆದು ಹಾಕಿದ್ದೇನೆ. ಅಕ್ಕ ಇವತ್ತು ನನ್ನ ಟ್ರಂಕನ್ನು ತಾನೇ ಮೆಟ್ಟಿಲಿಳಿಸಿ ತಂದಳು, ಎರಡೂ ಕಾಲು ನೆಟ್ಟಗಿಟ್ಟುಕೊಂಡು.

ಗುರುವಾರ ಸಂಜೆ ನೀನು ಅಂಗಡಿ ಮುಚ್ಚುವ ಹೊತ್ತಿಗೆ ಎದುರು ರಸ್ತೆಯಲ್ಲಿ ಇರುತ್ತೇನೆ.

ಯಾವ ಮೂಲೆ ಎಂದು ಬರೆಯಲಿಲ್ಲ ನೀನು. ಬರೆಯಬೇಡ. ನಾನೇ ಬಂದು ಹುಡುಕುತ್ತೇನೆ.

ಮಾವ